ಬಸವನಿಗೆ ಹಿಂದೆ ತಿರುಗಿ ನೋಡೋದನ್ನು ಕಲಿಸಿದ್ದು

ನಮ್ಮ ಬಾಲ್ಕನಿಯಲ್ಲಿರುವ ಸೈಕಲ್ಲಿಗೆ ಹಿಂದಿನ ಚಕ್ರ ಇಲ್ಲ. ಅದನ್ನು ಬಿಚ್ಚಿ ಆ ಜಾಗದಲ್ಲಿ ಸ್ಮಾರ್ಟ್ ಟ್ರೇನರ್ (ತುಳಿಯುವ ಬಲ ಅಳೆದು, ಪರದೆಯ ಮೇಲಿನ ರಸ್ತೆಯ ಏರಿಗೆ ತಕ್ಕಂತೆ ಪೆಡಲ್ ಬಿಗಿ ಮಾಡುವ ಯಂತ್ರ) ಕೂರಿಸಿದ್ದೇನೆ. ಬೆಂಗಳೂರಿನ ಟ್ರಾಫಿಕ್ಕು, ಮಳೆ, ಬೆಳಗಿನ ಜಾವದ ಬೀದಿನಾಯಿಗಳು ಎಲ್ಲ ಸೇರಿ ವಾರದ ದಿನಗಳಲ್ಲಿ ಹೊರಗೆ ತುಳಿಯುವುದನ್ನು ಬಿಡಿಸಿಬಿಟ್ಟವು. ಭಾನುವಾರ ಆದರೆ ನಂದಿ ಬೆಟ್ಟ, ಉಳಿದ ದಿನ ಬಾಲ್ಕನಿ. ಒಬ್ಬನೇ ಗೋಡೆ ನೋಡಿಕೊಂಡು ಒಂದು ಗಂಟೆ ತುಳಿಯುವುದು ಎಷ್ಟು ಬೋರು ಅಂತ ತುಳಿದವರಿಗೇ ಗೊತ್ತು. ಅದಕ್ಕೇ ಮೈಸೂರಿನಲ್ಲಿರುವ ಭಾವನನ್ನು, ಪುಣೆಯಲ್ಲಿ ಕೆಲಸ ಮಾಡುವ ಅವರ ಮಗಳನ್ನು, ಆಫೀಸಿನ ಇಬ್ಬರು ಗೆಳೆಯರನ್ನು ಅವರವರ ಮನೆಯಿಂದಲೇ ಇಂಟರ್ನೆಟ್ ಮೂಲಕ ಜೊತೆಗೆ ತುಳಿಯೋದಕ್ಕೆ ಎಳೆದುಕೊಂಡೆ. ಭಾವ 88 ಕೆ.ಜಿ., ಮಗಳು 52 ಕೆ.ಜಿ. ತೂಕ ಯಾಕೆ ಹೇಳ್ತಿದ್ದೀನಿ ಅಂದರೆ ಮುಂದಿನ ಅರ್ಧ ತಲೆನೋವು ಅದರಿಂದಲೇ ಬಂದದ್ದು.

ಐದು ಜನ ಒಟ್ಟಿಗೆ ಹೋಗಬೇಕಾದರೆ ಯಾರಾದರೂ ಒಬ್ಬರು ವೇಗ ಕಟ್ಟಿಕೊಂಡು ಹೋಗಬೇಕು. ಮನುಷ್ಯರಿಗೆ ಈ ಕೆಲಸ ಕೊಟ್ಟರೆ ಹತ್ತು ನಿಮಿಷಕ್ಕೆ ಹುರುಪು ಬಂದು ಓಡಿಬಿಡುತ್ತಾರೆ (ನಾನೇ ಓಡಿದ್ದೇನೆ). ಆದ್ದರಿಂದ ಕಂಪ್ಯೂಟರೇ ತುಳಿಯುವ ಒಬ್ಬ ಸವಾರ ಬೇಕು. ಮನೆಯಲ್ಲೇ ತುಳಿಯುವವರಿಗಾಗಿ ಇರುವ ಜ್ವಿಫ್ಟ್ ಅನ್ನುವ ಆ್ಯಪ್‌ನಲ್ಲಿ 2020ರಿಂದಲೇ ಇಂಥವರಿದ್ದಾರೆ. ಮೊದಲು ಪೇಸ್ ಪಾರ್ಟ್‌ನರ್ ಅಂತಿದ್ದರು, ಈಗ ರೋಬೋಪೇಸರ್ ಅಂತಾರೆ. ಕೋಕೋ ಅನ್ನುವ ಬಾಟ್ ಹಿಂದೆ ನಾನೂ ಎಷ್ಟೋ ಸಂಜೆ ತುಳಿದಿದ್ದೇನೆ. ಆದರೆ ನನಗೆ ನಂದಿಯ ರಸ್ತೆಯೇ ಬೇಕಿತ್ತು, ಜೊತೆಗೆ ಈ ಬಾಟ್ ಒಳಗೆ ಏನು ನಡೆಯುತ್ತೆ ಅನ್ನೋ ಕುತೂಹಲವೂ ಇತ್ತು. ಹೊಟ್ಟೆಪಾಡಿಗೆ ಕೋಡ್ ಬರೆಯುವವನು, ಹಾಗಾಗಿ ಇದನ್ನೂ ಬರೆಯೋಣ ಅಂತ ಕೂತೆ. ನಂದಿ ರಸ್ತೆಗೆ ಮಾಡುತ್ತಿದ್ದುದರಿಂದ ಬಾಟ್‌ಗೆ ಬಸವ ಅಂತ ಹೆಸರಿಟ್ಟೆ.

ಒಳಗಿನ ಲೆಕ್ಕ ತೀರಾ ಕಷ್ಟದ್ದಲ್ಲ. ತುಳಿಯುವ ವ್ಯಾಟ್ ಮೂರು ಕಡೆ ಖರ್ಚಾಗುತ್ತದೆ: ಗಾಳಿಯನ್ನು ಸೀಳೋದಕ್ಕೆ, ಟೈರು ಉರುಳೋದಕ್ಕೆ, ಏರಿನಲ್ಲಿ ತೂಕ ಎತ್ತೋದಕ್ಕೆ. ಚೈನಿನಲ್ಲಿ ಎರಡು ಮೂರು ಶೇಕಡಾ ಸೋರಿಹೋಗುತ್ತದೆ. ಇದನ್ನು ತಿರುಗಿಸಿ ಹಾಕಿದರೆ ಇಷ್ಟು ವ್ಯಾಟ್‌ಗೆ ಇಷ್ಟು ವೇಗ ಅಂತ ಸಿಗುತ್ತದೆ. ಎಲ್ಲರ ಟ್ರೇನರ್‌ನಿಂದ ಬ್ಲೂಟೂತ್ ಮೂಲಕ ವ್ಯಾಟ್ ಓದಿ, ಬಾಡಿಗೆಗೆ ತೆಗೆದುಕೊಂಡ ಒಂದು ಸಣ್ಣ ಸರ್ವರ್‌ನಲ್ಲಿ ಲೆಕ್ಕ ಹಾಕಿ, ರಸ್ತೆಯ ಏರು ಎಷ್ಟಿದೆ ಅಂತ ಟ್ರೇನರ್‌ಗೆ ವಾಪಸ್ ಕಳಿಸುವುದು, ಅಷ್ಟೇ. ಇದಕ್ಕೆ ಎಫ್‌ಟಿಎಂಎಸ್ ಅಂತ ಒಂದು ಸಾಮಾನ್ಯ ಪದ್ಧತಿ ಇದೆ, ಈಗಿನ ಹೆಚ್ಚಿನ ಟ್ರೇನರ್‌ಗಳಿಗೆ ಅದು ಅರ್ಥವಾಗುತ್ತದೆ.

ಬಸವನಿಗೆ 75 ಕೆ.ಜಿ. ತೂಕ ಕೊಟ್ಟೆ. ಕೆ.ಜಿ.ಗೆ 2 ವ್ಯಾಟ್, ಅಂದರೆ 150 ವ್ಯಾಟ್. ಏರಾಗಲಿ ಇಳಿಜಾರಾಗಲಿ ಅದೇ 150. ಮೊದಲ ದಿನವೇ ಎಡವಟ್ಟು.

ನಂದಿ ಏರಿನಲ್ಲಿ ಬಸವ ಕುಡಿದವನ ಹಾಗೆ ಹೋಗುತ್ತಿದ್ದ. ಒಂದು ಸಲ ಬುರ್ ಅಂತ ಮುಂದೆ, ಇನ್ನೊಂದು ಸಲ ನಿಂತೇ ಹೋದ ಹಾಗೆ. ಎರಡು ಸಂಜೆ ಕೋಡ್ ಜಾಲಾಡಿದ ಮೇಲೆ ಗೊತ್ತಾಯಿತು, ತಪ್ಪು ಬಸವನದಲ್ಲ, ರಸ್ತೆಯದು. ನನ್ನ ಹಳೇ ಜಿಪಿಎಸ್ ದಾಖಲೆಯಿಂದಲೇ ರಸ್ತೆ ಮಾಡಿಕೊಂಡಿದ್ದೆ. ಜಿಪಿಎಸ್ ಎತ್ತರ ಹೇಳೋದರಲ್ಲಿ ಯಾವಾಗಲೂ ಸ್ವಲ್ಪ ಒರಟು. ಅದರಲ್ಲೂ ನಂದಿಯ ಹೇರ್‌ಪಿನ್ ತಿರುವುಗಳಲ್ಲಿ ಚುಕ್ಕೆಗಳು ರಸ್ತೆ ಬಿಟ್ಟು ಪಕ್ಕಕ್ಕೆ ಹಾರಿರುತ್ತವೆ. ಹತ್ತು ಮೀಟರ್‌ನಲ್ಲಿ 14 ಶೇಕಡಾ ಏರು, ಮರುಕ್ಷಣ ಇಳಿಜಾರು! ಅಲ್ಲಿ ಅಂಥದ್ದೇನೂ ಇಲ್ಲ ಅಂತ ಹತ್ತಿದವರಿಗೆಲ್ಲ ಗೊತ್ತು. 50 ಮೀಟರ್‌ಗೊಂದು ಸರಾಸರಿ ಹಾಕಿ ರಸ್ತೆಯನ್ನು ನಯ ಮಾಡಿದೆ. ಯಾರಾದರೂ ಸ್ವಂತ ಬಾಟ್ ಮಾಡುವುದಿದ್ದರೆ ಮೊದಲು ರಸ್ತೆ ಸರಿ ಮಾಡಿಕೊಳ್ಳಿ, ನನ್ನ ಹಾಗೆ ಎರಡು ಸಂಜೆ ಹಾಳು ಮಾಡಿಕೊಳ್ಳಬೇಡಿ.

ಆಮೇಲೆ ಬಂದದ್ದು ತೂಕದ ಜಗಳ. ಎಲ್ಲರೂ ಕೆ.ಜಿ.ಗೆ 2 ವ್ಯಾಟ್ ತುಳಿದರೆ ಎಲ್ಲರೂ ಒಟ್ಟಿಗೇ ಇರುತ್ತಾರೆ ಅಂತ ನಾನು ನಂಬಿದ್ದೆ. ಏರಿನಲ್ಲಿ ಅದು ಹೆಚ್ಚುಕಮ್ಮಿ ನಿಜ. 6 ಶೇಕಡಾ ಏರಿನಲ್ಲಿ ಬಸವನ ಪಕ್ಕ ಇರೋದಕ್ಕೆ ನನ್ನ ಲೆಕ್ಕದಲ್ಲಿ ಭಾವನಿಗೆ ಕೆ.ಜಿ.ಗೆ 1.96 ವ್ಯಾಟ್ ಸಾಕು, ಮಗಳಿಗೆ 2.09 ಬೇಕು. ಸಣ್ಣ ವ್ಯತ್ಯಾಸ. ಆದರೆ ಸಮತಟ್ಟಿನಲ್ಲಿ ಬಸವ ಗಂಟೆಗೆ 30 ಕಿ.ಮೀ. ದಾಟಿ ಹೋಗುವಾಗ ಭಾವನಿಗೆ 1.83 ಸಾಕಾದರೆ ಅವಳಿಗೆ 2.35 ಬೇಕು. ಯಾಕೆ ಅಂದರೆ ಅಲ್ಲಿ ಜಗಳ ಗಾಳಿಯ ಜೊತೆ, ಗಾಳಿ ಯಾರ ತೂಕವನ್ನೂ ಕೇಳೋದಿಲ್ಲ. ಮೈ ಸಣ್ಣದಾದ ಮಾತ್ರಕ್ಕೆ ಗಾಳಿಗೆ ಒಡ್ಡುವ ಎದೆ ಅರ್ಧಕ್ಕೆ ಇಳಿಯುವುದಿಲ್ಲ ನೋಡಿ. ಭಾವ ಫೋನಿನಲ್ಲಿ ಮಾತಾಡುತ್ತಾ ಆರಾಮವಾಗಿ ಬರುತ್ತಿದ್ದರು, ಮಗಳು ಹಿಂದೆ ಏದುಸಿರು ಬಿಡುತ್ತಿದ್ದಳು. “ಮಾಮ, ನಿನ್ನ ಬಸವನಿಗೆ ಒಂಚೂರೂ ಕನಿಕರ ಇಲ್ಲ” ಅಂತ ಮೆಸೇಜ್ ಬಂತು.

ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಡ್ರಾಫ್ಟ್, ಅಂದರೆ ಮುಂದಿನ ಸವಾರ ಗಾಳಿಗೆ ಕೊಡುವ ಮರೆ, ಮಾತ್ರ ಸ್ವಲ್ಪ ಕಾಪಾಡುತ್ತದೆ. ಇನ್ನೊಬ್ಬರ ಬೆನ್ನ ಹಿಂದೆ ಮೂರು ಮೀಟರ್ ಒಳಗಿದ್ದರೆ ಗಾಳಿಯ ಭಾರವನ್ನು ಕಾಲು ಭಾಗ ಕಡಿಮೆ ಮಾಡಿದೆ. ಅಷ್ಟಾದರೆ ಅವಳಿಗೂ ನಡೆಯುತ್ತದೆ. ಅಂದರೆ ಅವಳು ಗುಂಪಿನ ಒಳಗೇ ಇರಬೇಕು, ಒಂದು ಸಲ ಕಳಚಿಕೊಂಡರೆ ಕಥೆ ಮುಗಿಯಿತು. ಹಾಗಾದರೆ ಅವಳು ಕಳಚಿಕೊಳ್ಳೋದು ಎಲ್ಲಿ? ಪ್ರತಿ ಸೆಕೆಂಡಿಗೆ ಯಾರು ಬಸವನಿಂದ ಎಷ್ಟು ದೂರ ಇದ್ದಾರೆ ಅಂತ ಬರೆದಿಡೋದಕ್ಕೆ ಶುರು ಮಾಡಿದೆ. ನಂದಿ ಬಿಟ್ಟು, ನಾನೇ ಗೀಚಿದ 6 ಕಿ.ಮೀ. ಸುತ್ತಿನಲ್ಲಿ ಎರಡು ಸಣ್ಣ ಗುಡ್ಡ ಇಟ್ಟು ವಾರಗಟ್ಟಲೆ ಅಲ್ಲೇ ಸುತ್ತಿದೆವು.

ಏರಿನ ಮಧ್ಯೆ ಕಳಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ! ಹೆಚ್ಚುಕಮ್ಮಿ ಪ್ರತಿ ಸಲವೂ ಗುಂಪು ಒಡೆದದ್ದು ಏರು ಮುಗಿದ ಮೇಲೆ, ನೆತ್ತಿ ದಾಟಿದ ಅರ್ಧ ನಿಮಿಷದೊಳಗೆ.

ಯಾಕೆ ಅಂತ ಲೆಕ್ಕ ನೋಡಿ. ಏರಿನಲ್ಲಿ ಬಸವನ ವೇಗ ಗಂಟೆಗೆ 9.8 ಕಿ.ಮೀ. ಕೊನೆಯವಳು ಅವನಿಗಿಂತ 10 ಸೆಕೆಂಡ್ ಹಿಂದೆ ಇದ್ದಾಳೆ ಅಂದರೆ ದೂರ ಬರೀ 27 ಮೀಟರ್, ಕಣ್ಣೆದುರೇ ಕಾಣುತ್ತಾಳೆ. ಬಸವ ನೆತ್ತಿ ದಾಟಿ ಸಮತಟ್ಟಿಗೆ ಬಂದು 30.6 ಕಿ.ಮೀ. ವೇಗ ಹಿಡಿದರೆ ಅದೇ 10 ಸೆಕೆಂಡ್ 85 ಮೀಟರ್ ಆಗುತ್ತದೆ. ಇಳಿಜಾರಾದರೆ 150 ದಾಟುತ್ತದೆ. ಅವಳೇನೂ ನಿಧಾನ ಮಾಡಿಲ್ಲ, ಸಮಯದ ಅಂತರವೂ ಬದಲಾಗಿಲ್ಲ, ಆದರೆ ಡ್ರಾಫ್ಟ್ ಇರೋದು ಮೀಟರ್ ಲೆಕ್ಕದಲ್ಲಿ, ಸೆಕೆಂಡ್ ಲೆಕ್ಕದಲ್ಲಿ ಅಲ್ಲ. ಇದು ತಲೆಗೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಂಡತಿ “ಸೈಕಲ್ಲಿಗಾ ಇದು?” ಅಂತ ಕೇಳಿ ಆ ಕಡೆ ತಿರುಗಿ ಮಲಗಿದಳು.

ಮೊದಲು ಸುಲಭದ್ದು ಮಾಡಿದೆ. ಬಸವ ಏರಿನಲ್ಲಿ 10 ಶೇಕಡಾ ಜಾಸ್ತಿ, ಇಳಿಜಾರಿನಲ್ಲಿ 20 ಶೇಕಡಾ ಕಡಿಮೆ ತುಳಿಯಲಿ ಅಂತ. ಹೊರಗೆ ರಸ್ತೆಯಲ್ಲಿ ನಾವೆಲ್ಲ ಮಾಡೋದು ಹಾಗೇ, ಜ್ವಿಫ್ಟ್‌ನ ಬಾಟ್‌ಗಳೂ ಈಗ ಏರಿನಲ್ಲಿ ಜಾಸ್ತಿ, ಇಳಿಜಾರಿನಲ್ಲಿ ಕಡಿಮೆ ತುಳಿಯುತ್ತವೆ. ಏರಿನಲ್ಲಿ 15 ವ್ಯಾಟ್ ಜಾಸ್ತಿ ಕೊಟ್ಟರೆ ವೇಗ 9.8ರಿಂದ 10.8ಕ್ಕೆ ಏರುತ್ತದೆ. 5 ಶೇಕಡಾ ಇಳಿಜಾರಿನಲ್ಲಿ 30 ವ್ಯಾಟ್ ಉಳಿಸಿದರೂ 56ರಿಂದ 55ಕ್ಕೆ ಇಳಿಯುತ್ತದೆ, ಅಷ್ಟೇ. ವ್ಯಾಟ್ ಎಲ್ಲಿ ಖರ್ಚು ಮಾಡಬೇಕು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ. ತುಳಿಯೋದಕ್ಕೆ ಖುಷಿ ಅನ್ನಿಸಿತು, ಆದರೆ ನೆತ್ತಿಯ ಗೋಳು ಹಾಗೇ ಉಳಿಯಿತು.

ಬಸವ ತಾನು ನಿಂತಿರುವ ಜಾಗದ ಏರನ್ನಷ್ಟೇ ನೋಡಬಾರದು, ತನ್ನಿಂದ ಕೊನೆಯವರವರೆಗಿನ ರಸ್ತೆಯ ಸರಾಸರಿ ಏರು ನೋಡಬೇಕು ಅಂತ ಬದಲಿಸಿದೆ. ಬಹಳ ಬುದ್ಧಿವಂತಿಕೆಯ ಕೆಲಸ ಅಂದುಕೊಂಡೆ. ಇನ್ನೂ ಕೆಟ್ಟಿತು. ಬಸವ ನೆತ್ತಿ ದಾಟಿ ಸಮತಟ್ಟಿನಲ್ಲಿದ್ದಾನೆ, ಹಿಂದಿನವರು ಏರಿನಲ್ಲೇ ಇದ್ದಾರೆ, ಸರಾಸರಿ ಇನ್ನೂ ಏರು ಅಂತಲೇ ತೋರಿಸುತ್ತದೆ, ಇವನು 165 ವ್ಯಾಟ್‌ನಲ್ಲಿ ಸಮತಟ್ಟಿನ ಮೇಲೆ ಗುಡುಗುಡು ಅಂತ ಓಡುತ್ತಾನೆ! ಆ ದಿನ ಆಫೀಸಿನ ಗೆಳೆಯರಿಬ್ಬರೂ ಮಧ್ಯದಲ್ಲೇ ಇಳಿದು ಸ್ನಾನಕ್ಕೆ ಹೋದರು.

ಬೇಕಾದದ್ದು ಸರಾಸರಿ ಅಲ್ಲ. ಬಸವನ ಕಾಲಡಿಯ ಏರು, ಕೊನೆಯವರ ಕಾಲಡಿಯ ಏರು, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತಕ್ಕ ವ್ಯಾಟ್. ಅದರ ಮೇಲೆ ಇನ್ನೊಂದು ನಿಯಮ: ತಾನು ನೆತ್ತಿ ದಾಟಿ ಕೊನೆಯವರು ಇನ್ನೂ ಏರಿನಲ್ಲಿದ್ದರೆ 105 ವ್ಯಾಟ್‌ಗೆ ಇಳಿ, ಅವರೂ ದಾಟಿದ ಮೇಲೆ ಸೆಕೆಂಡಿಗೆ 2 ವ್ಯಾಟ್‌ನಂತೆ ನಿಧಾನವಾಗಿ 150ಕ್ಕೆ ಬಾ. ಸೆಕೆಂಡಿಗೆ 2 ಅನ್ನೋದು ಸುಮ್ನೆ ಹಾಕಿದ್ದಲ್ಲ. 5 ಇಟ್ಟಾಗ ಡ್ರಾಫ್ಟ್ ಒಳಗೆ ಬಂದವರು ಮತ್ತೆ ಕಳಚಿಕೊಂಡರು, 1 ಇಟ್ಟಾಗ ಭಾವ ತಾಳ್ಮೆ ಕೆಟ್ಟು ಮುಂದೆ ಹೋದರು. ಏರಿನ ಬುಡದಲ್ಲಿ ಇದೇ ನಿಯಮದಿಂದ ಎಲ್ಲರೂ ಬಸವನ ಬೆನ್ನಿಗೆ ಬಂದು ಗುಡ್ಡೆಯಾಗುತ್ತಾರೆ, ಅದು ಒಳ್ಳೆಯದೇ, ಏರು ಶುರುವಾಗುವಾಗ ಒಟ್ಟಿಗಿದ್ದರೆ ನೆತ್ತಿಯಲ್ಲಿ ಬಾಲ ಅಷ್ಟು ಉದ್ದ ಆಗೋದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ದುರಾಸೆ. ಸಮತಟ್ಟಿನಲ್ಲೂ ಯಾರಾದರೂ ಹಿಂದೆ ಬಿದ್ದರೆ ಬಸವ ಕಾಯಲಿ ಅಂತ ಇನ್ನೊಂದು ಸಾಲು ಸೇರಿಸಿದೆ. ಯಾರೋ ಒಬ್ಬರು ನೀರು ಕುಡಿಯೋದಕ್ಕೆ ಸ್ವಲ್ಪ ನಿಧಾನ ಮಾಡಿದರು, ಬಸವನೂ ನಿಧಾನ ಮಾಡಿದ, ಅವನು ನಿಧಾನ ಮಾಡಿದ ಅಂತ ಮಿಕ್ಕವರೂ ಕಾಲು ಸಡಿಲ ಬಿಟ್ಟರು, ಅವರು ಬಿಟ್ಟರು ಅಂತ ಬಸವ ಇನ್ನೂ ಇಳಿದ. ಇಪ್ಪತ್ತು ನಿಮಿಷದಲ್ಲಿ ನಾವೆಲ್ಲ ಸಂತೆಗೆ ಹೊರಟವರ ಹಾಗೆ ಹೋಗುತ್ತಿದ್ದೆವು. ಭಾವ ನಕ್ಕರು: “ಇವನು ಬಸವ ಅಲ್ಲ ಕಣೋ, ಕೋಲೆ ಬಸವ. ಯಾರು ಏನು ಕೇಳಿದ್ರೂ ತಲೆ ಆಡಿಸ್ತಾನೆ.” ಅದಾದ ಮೇಲೆ ಸಮತಟ್ಟಿನಲ್ಲಿ ಬಸವ ಇಳಿಯಬಹುದಾದದ್ದು 5 ಶೇಕಡಾ ಮಾತ್ರ, ಅದೂ ಅರ್ಧಕ್ಕಿಂತ ಜಾಸ್ತಿ ಜನ ಹಿಂದೆ ಬಿದ್ದರೆ ಮಾತ್ರ. ಒಬ್ಬರು ನೀರು ಕುಡಿದರೆ ಅವನಿಗೆ ಸಂಬಂಧ ಇಲ್ಲ.

ಮಧ್ಯೆ ಇನ್ನೆರಡು ಪ್ರಯೋಗ ಮಾಡಿ ಕಸಕ್ಕೆ ಹಾಕಿದೆ. ಮನುಷ್ಯರ ಹಾಗೆ ಕಾಣಲಿ ಅಂತ ಬಸವನ ವ್ಯಾಟ್‌ನಲ್ಲಿ ಒಂದಿಷ್ಟು ಏರಿಳಿತ ಬೆರೆಸಿದ್ದೆ, ಹಿಂದಿದ್ದವರಿಗೆಲ್ಲ ಕಿರಿಕಿರಿಯಾಯಿತು. ಬಸವನಿಗೂ ಡ್ರಾಫ್ಟ್ ಸಿಗಲಿ ಅಂತ ಬಿಟ್ಟಿದ್ದೆ, ಯಾರಾದರೂ ಅವನ ಮುಂದೆ ಬಂದ ಕೂಡಲೇ ಅವನ ವೇಗ ಜಾಸ್ತಿಯಾಗಿ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಈಗ ಅವನಿಗೆ ಡ್ರಾಫ್ಟ್ ಇಲ್ಲ.

ಕಳೆದ ತಿಂಗಳು ಒಂದು ಸಂಜೆ, ಎರಡನೇ ಗುಡ್ಡ ಹತ್ತುತ್ತಿದ್ದಾಗ ನಮ್ಮ ಏರಿಯಾದಲ್ಲಿ ಕರೆಂಟ್ ಹೋಯಿತು. ಟ್ರೇನರ್ ಸತ್ತಿತು, ಫ್ಯಾನ್ ನಿಂತಿತು, ನಾನು ಕತ್ತಲಲ್ಲಿ ಬೆವರು ಸುರಿಸುತ್ತಾ ಸೈಕಲ್ ಮೇಲೆ ಕೂತಿದ್ದೆ. ಸರ್ವರ್ ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ಓಡುತ್ತಿತ್ತು. ಕರೆಂಟ್ ಬಂದ ಮೇಲೆ ದಾಖಲೆ ತೆರೆದು ನೋಡಿದೆ. ನಾನಿಲ್ಲದೆ ಅವರು ನಾಲ್ಕು ಜನ ಇನ್ನೂ ಅರ್ಧ ಗಂಟೆ ತುಳಿದಿದ್ದರು, ಪ್ರತಿ ನೆತ್ತಿಯನ್ನೂ ಒಟ್ಟಿಗೇ ದಾಟಿದ್ದರು, ಮಗಳು ಒಂದು ಸಲವೂ ಕಳಚಿಕೊಂಡಿರಲಿಲ್ಲ. ಭಾವನಿಗೆ ಫೋನ್ ಮಾಡಿ ಹೇಗಿತ್ತು ಅಂತ ಕೇಳಿದೆ.

“ಏನು, ನೀನು ಇರ್ಲಿಲ್ವಾ?” ಅಂದರು.