ಸೀಸದ ಪಾಯಿಂಟ್, ಕಂಪ್ಯೂಟರಿನ ಪಾಯಿಂಟ್

ಬೆಳಗಾವಿಯ ಶಹಾಪುರದಲ್ಲಿ ನನ್ನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಲಗ್ನಪತ್ರಿಕೆ, ರಸೀದಿ ಪುಸ್ತಕಗಳೇ ಹೆಚ್ಚು. ಒಮ್ಮೆ ಪತ್ತಿನ ಸಂಘವೊಂದರವರು ಖಾತೆ ನಮೂನೆಗಳ ದೊಡ್ಡ ಕಟ್ಟು ತಂದಿಟ್ಟರು. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಟ್ರೆಡಲ್ ಮುದ್ರಣಯಂತ್ರದಲ್ಲಿ ಅಚ್ಚಾಗಿ ಉಳಿದ ಹಾಳೆಗಳು. ಒಂದೊಂದರಲ್ಲಿ ಒಂದರ ಕೆಳಗೊಂದು ಗೆರೆ ಹಾಕಿದ ಮೂವತ್ತು ಮನೆ. ಪ್ರತಿ ಮನೆಯಲ್ಲೂ ಸದಸ್ಯರ ಹೆಸರು ಕೂರಿಸಿಕೊಡಬೇಕು. ಕಾಗದ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ ಎಂದರು.

ಹಳೆಯ ಆರ್ಡರ್ ಚೀಟಿಯಲ್ಲಿ ಮನೆಯ ಎತ್ತರ 24 ಪಾಯಿಂಟ್ ಎಂದಿತ್ತು; ಪಾಯಿಂಟ್ ಎಂದರೆ ಅಚ್ಚಿನ ಕೆಲಸದ ಸಣ್ಣ ಅಳತೆ. ಕಂಪ್ಯೂಟರಿಗೆ ಅಷ್ಟನ್ನೇ ಕೊಟ್ಟು ಒಂದು ಪ್ರತಿ ತೆಗೆದೆ. ಮೊದಲ ಹೆಸರು ಸರಿಯಾಗಿ ಕೂತಿತು. ಕೊನೆಯದು ಸುಮಾರು ಒಂದು ಮಿಲಿಮೀಟರ್ ಕೆಳಗಿಳಿದು ಗೆರೆಯ ಮೇಲೆ ಬಿತ್ತು. ಪ್ರಿಂಟರ್ ಕಾಗದವನ್ನು ಓರೆಯಾಗಿ ಎಳೆಯುತ್ತಿದೆ ಎಂದುಕೊಂಡು ಅರ್ಧ ದಿನ ಅದನ್ನೇ ತಿದ್ದಿದೆ.

ನಮ್ಮ ಓಣಿಯಲ್ಲಿ ಹಿಂದೆ ಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ಹಾಳೆ ನೋಡಿ, "ತಮ್ಮಾ, ಇದು ಸೀಸದ ಪಾಯಿಂಟ್, ನಿನ್ನ ಕಂಪ್ಯೂಟರಿನದಲ್ಲ" ಎಂದರು. ತಮ್ಮ ಉಕ್ಕಿನ ಎಮ್ ಪಟ್ಟಿಯನ್ನು, ಅಂದರೆ ಅಚ್ಚುಕೂಟದ ಅಳತೆಗೋಲನ್ನು ಕೈಗಿತ್ತರು. ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಎಮ್. ಹನ್ನೆರಡು ಪಾಯಿಂಟಿಗೆ ಒಂದು ಎಮ್. 6 ಎಮ್‌ನ ಗೆರೆ ಒಂದು ಇಂಚಿನ ಗೆರೆಗೆ ಕೂಡಿದಂತೆಯೇ ಕಾಣುತ್ತದೆ. ಕಣ್ಣನ್ನು ಮುಂದಕ್ಕೆ ಸರಿಸಿದರೆ 30 ಎಮ್‌ನ ಗೆರೆ ಐದು ಇಂಚಿಗೆ ಅರ್ಧ ಮಿಲಿಮೀಟರಿನಷ್ಟು ಮೊದಲೇ ನಿಂತುಬಿಡುತ್ತದೆ.

ಕಂಪ್ಯೂಟರಿನ ಪಾಯಿಂಟ್ ಇಂಚಿನ 72ನೇ ಒಂದು ಭಾಗ, ಅಂದರೆ 0.3528 ಮಿ.ಮೀ. ಮೊಳೆಗಳದ್ದು 0.013837 ಇಂಚು, 0.3515 ಮಿ.ಮೀ. ಮೂವತ್ತು ಮನೆಗೆ 720 ಪಾಯಿಂಟ್: ಹೊಸ ಲೆಕ್ಕದಲ್ಲಿ 254 ಮಿ.ಮೀ., ಹಳೆಯದರಲ್ಲಿ 253. ನನ್ನನ್ನು ಕಾಡಿದ್ದು ಆ ಒಂದು ಮಿಲಿಮೀಟರೇ.

ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. ಒಂದು ಮನೆ 8.435 ಮಿ.ಮೀ. ಬಂತು, 8.4 ಎಂದು ಬರೆದುಕೊಂಡೆ. ಮೂವತ್ತಕ್ಕೆ 252. ಈ ಸಲ ಹೆಸರು ಒಂದು ಮಿಲಿಮೀಟರ್ ಮೇಲಕ್ಕೆ ಹೋಯಿತು! ಅಂದಿನಿಂದ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಒಟ್ಟಿಗೆ ಅಳೆಯುತ್ತೇನೆ, ಆಮೇಲೆ ಭಾಗಿಸುತ್ತೇನೆ, ಭಾಗಿಸಿದ್ದನ್ನು ಮೊಟಕು ಮಾಡುವುದಿಲ್ಲ. ಹಳೆಯ ಪಾಯಿಂಟನ್ನು 0.99626ರಿಂದ (ಎರಡು ಪಾಯಿಂಟುಗಳ ಅನುಪಾತ) ಗುಣಿಸಿದರೂ ಅದೇ ಉತ್ತರ: 24ಕ್ಕೆ ಕಂಪ್ಯೂಟರಿನ 23.91 ಪಾಯಿಂಟ್. ಸಾಲಿನ ಅಂತರಕ್ಕೆ ಅದನ್ನೇ ಕೊಟ್ಟೆ.

ಬಟರ್ ಪೇಪರಿನ ಮೇಲೆ ಪ್ರತಿ ತೆಗೆದು, ಹಳೆಯ ಹಾಳೆಯ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದೆವು. ಕಾಕಾ ಉಗುರಿನಿಂದ ಮೂವತ್ತನೆಯ ಗೆರೆ ಸವರಿದರು. ಹೆಸರು ಗೆರೆಯ ಮೇಲಿರಲಿಲ್ಲ, ಆದರೆ "ಲಕ್ಷ್ಮಣ"ದ ಒತ್ತು ಮಾತ್ರ ಗೆರೆಗೆ ತಾಗುತ್ತಿತ್ತು. ಅಂತರ ಸರಿಯಾದರೂ ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಅಕ್ಷರದ ಗಾತ್ರವನ್ನು 16ರಿಂದ 14ಕ್ಕೆ ಇಳಿಸಿದೆ. ಒತ್ತು ಬಿಡಿಯಾಗಿ ನಿಂತ ಮೇಲೆಯೇ ಕಟ್ಟು ಬಿಚ್ಚಿ ಹಾಳೆಗಳನ್ನು ಪ್ರಿಂಟರಿಗೆ ಹಾಕಿದೆ.