ಪಾವು, ಕಪ್ಪಿನ ಅಳತೆಯನ್ನು ಗ್ರಾಂ ಲೆಕ್ಕಕ್ಕೆ ತಂದ ಬಗೆ

ಮೊದಲು ನಿಮ್ಮ ಪಾತ್ರೆ ಎಷ್ಟು ಹಿಡಿಯುತ್ತದೆ ಎಂದು ನೋಡಿಕೊಳ್ಳಿ. ಪಾವು ಅಂದರೆ ಕಾಲು ಸೇರು ನಿಜ, ಆದರೆ ಎಲ್ಲರ ಮನೆಯ ಪಾವೂ ಒಂದೇ ಗಾತ್ರದ್ದಲ್ಲ. ನಾನು ಖಾಲಿ ಪಾವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಬಾಯಿಮಟ್ಟ ನೀರು ತುಂಬುತ್ತೇನೆ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್. ಅಂಗಡಿಯಲ್ಲಿ ಸಿಗುವ ಕಪ್ಪುಗಳಲ್ಲೂ 240ರದ್ದಿದೆ, 250ರದ್ದಿದೆ. ರೈಸ್ ಕುಕ್ಕರ್ ಜೊತೆ ಬರುವುದು ಸಾಮಾನ್ಯವಾಗಿ 180. ಆಸ್ಟ್ರೇಲಿಯಾದವರು ಬರೆದ ಅಡುಗೆಯಾದರೆ ಟೇಬಲ್ ಚಮಚಕ್ಕೆ 20 ಮಿ.ಲೀ., ಉಳಿದ ಕಡೆ ಹೆಚ್ಚಾಗಿ 15.

240 ಮಿ.ಲೀ. ಕಪ್ಪಿಗೆ ನಾನು ಇಟ್ಟುಕೊಂಡಿರುವ ಲೆಕ್ಕ: ಸೋನಾ ಮಸೂರಿ ಅಕ್ಕಿ 195 ಗ್ರಾಂ, ಉದ್ದಿನಬೇಳೆ, ತೊಗರಿಬೇಳೆ, ಸಕ್ಕರೆ ಹತ್ತಿರ ಹತ್ತಿರ 200, ಎಣ್ಣೆ 220, ಕರಗಿದ ತುಪ್ಪ 218, ಜೇನುತುಪ್ಪ 340. ಪಾವು 210 ಮಿ.ಲೀ. ಹಿಡಿದರೆ ಅಕ್ಕಿ 195ನ್ನು 210ರಿಂದ ಗುಣಿಸಿ 240ರಿಂದ ಭಾಗಿಸಿ. 171 ಗ್ರಾಂ ಬರುತ್ತದೆ.

ಕಾಳು, ಬೇಳೆ, ಎಣ್ಣೆಯಲ್ಲಿ ಈ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ತಪ್ಪುವುದು ಹಿಟ್ಟಿನಲ್ಲಿ. ಕಡಲೆಹಿಟ್ಟನ್ನು ಜರಡಿ ಹಿಡಿದು, ಚಮಚದಲ್ಲಿ ಹಗುರವಾಗಿ ಹಾಕಿ, ಚಾಕುವಿನ ಬೆನ್ನಿನಿಂದ ಸವರಿದರೆ ಕಪ್ಪಿಗೆ 90 ಗ್ರಾಂ ಆಸುಪಾಸು. ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ತೆಗೆದರೆ 110 ದಾಟುತ್ತದೆ. ಕಟ್ಟೆಗೆ ಎರಡು ಸಲ ಕುಟ್ಟಿದರೆ ಇನ್ನೂ ಇಳಿದು, ಮೇಲೆ ಮತ್ತಷ್ಟು ಹಿಡಿಸುತ್ತದೆ. ಗಿರಣಿಯಿಂದ ಆಗಷ್ಟೇ ತಂದ ಅಕ್ಕಿಹಿಟ್ಟು ಅರಳಿಕೊಂಡಿರುತ್ತದೆ, ಮಾರನೆಯ ದಿನ ಕುಸಿದಿರುತ್ತದೆ. ಅದೇ ಕಪ್ಪು, ಅದೇ ನೀರು ಹಾಕಿದರೂ ಚಕ್ಕುಲಿ ಹಿಟ್ಟು ಒಮ್ಮೆ ಸಡಿಲ, ಒಮ್ಮೆ ಬಿಗಿ ಆಗುವುದು ಇದರಿಂದಲೇ. ಹಿಟ್ಟನ್ನು ನಾನು ತೂಗಿಯೇ ಹಾಕುವುದು.

ಇನ್ನೊಂದು ಮುಖ್ಯ ವಿಷಯ, ಕಪ್ಪಿನ ಪ್ರಮಾಣವನ್ನು ಹಾಗೆಯೇ ತೂಕದ ಪ್ರಮಾಣ ಅಂದುಕೊಳ್ಳಬಾರದು. ಇಡ್ಲಿಗೆ ಒಂದು ಉದ್ದು, ನಾಲ್ಕು ಅಕ್ಕಿ ಅಂದರೆ ತೂಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಎರಡರ ಸಾಂದ್ರತೆ ಹತ್ತಿರ. ಮೈಸೂರು ಪಾಕಿಗೆ ಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು ಕಪ್ ಎಂದರೆ ಗ್ರಾಂನಲ್ಲಿ ಸುಮಾರು 100, 400, 436. ಇದನ್ನು 100, 200, 200 ಅಂತ ತೂಗಿದರೆ ಸಕ್ಕರೆ ಅರ್ಧಕ್ಕಿಳಿದು, ಹಿಟ್ಟಿಗೆ ಪಾಕವೂ ಸಾಲದೆ ತುಪ್ಪವೂ ಸಾಲದೆ, ಗೂಡು ಬಿಡದ ಮುದ್ದೆಯಾಗುತ್ತದೆ.

ಬೆಲ್ಲವನ್ನು ಕಪ್ಪಿನಲ್ಲಿ ಅಳೆಯಲೇಬೇಡಿ. ಕುಟ್ಟಿದ ಬೆಲ್ಲ ಸಡಿಲವಾಗಿ ತುಂಬಿದರೆ 150 ಗ್ರಾಂ, ಒತ್ತಿದರೆ 200. ಹೋಳಿಗೆ ಹೂರಣ ನೀರಾಗುವುದಕ್ಕೆ ಇಷ್ಟು ವ್ಯತ್ಯಾಸ ಸಾಕು.

ಉಪ್ಪಿನಕಾಯಿಗೆ ಹೇಳಿದ ಪಾವು ಕಲ್ಲುಪ್ಪಿನದೋ ಪುಡಿ ಉಪ್ಪಿನದೋ ಎಂದು ಮೊದಲು ಕೇಳಿ. ಹರಳುಗಳ ನಡುವೆ ಸಂದಿ ಇರುವುದರಿಂದ ಕಲ್ಲುಪ್ಪು ಅದೇ ಪಾವಿಗೆ ಕಡಿಮೆ ತೂಗುತ್ತದೆ. ಪುಡಿ ಉಪ್ಪು 5 ಮಿ.ಲೀ. ಚಮಚಕ್ಕೆ ಸುಮಾರು 6 ಗ್ರಾಂ. ಇಷ್ಟು ಸಣ್ಣ ತೂಕಕ್ಕೆ ಒಂದು ಗ್ರಾಂ ತೋರಿಸುವ ತಕ್ಕಡಿಯನ್ನು ನಂಬಲಾಗದು; ಸೊನ್ನೆ ಮಾಡಿ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದರೆ ಎಷ್ಟೋ ಹೊತ್ತು ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಉಪ್ಪಿನ ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಚಮಚ ತುಂಬ ಒಂದೇ ಸಲಕ್ಕೆ ತೆಗೆಯಿರಿ. ಮೈನಸ್ ಎಂದು ಎಷ್ಟು ತೋರಿಸುತ್ತದೋ ಅಷ್ಟು ಉಪ್ಪು ನಿಮ್ಮ ಚಮಚದಲ್ಲಿದೆ.