ಹುಣಸೆಹಣ್ಣಿಗೆ ಬಲಿಯಾದ ನಾಣ್ಯ, ಆಮೇಲೆ ಸಿಕ್ಕ ಬಿಲ್ಬಿಲಿಸ್

ಹಿತ್ತಾಳೆ, ತಾಮ್ರ, ಕಂಚು ಯಾವುದೇ ಇರಲಿ, ನಮ್ಮ ಮನೆಯಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದೇ ರೂಢಿ. ಸ್ಪೇನ್‌ನಲ್ಲಿ ಕೆಲಸಕ್ಕಿದ್ದಾಗ ಕೊಂಡ ಮೊದಲ ಕೆಲ್ಟಿಬೇರಿಯನ್ (ರೋಮನ್ನರು ಗೆಲ್ಲುವ ಮೊದಲು ಸ್ಪೇನ್‌ನ ಒಳನಾಡಿನಲ್ಲಿದ್ದ ಜನ) ನಾಣ್ಯಕ್ಕೂ ಅದನ್ನೇ ಮಾಡಿದೆ. ಹತ್ತು ನಿಮಿಷಕ್ಕೆ ಪೂಜೆ ಚೊಂಬಿನ ಹಾಗೆ ಹೊಳೆಯಿತು. ಎರಡು ಸಾವಿರ ವರ್ಷದ ಹಸಿರು ಪದರ ಹೋಯಿತು, ಜೊತೆಗೆ ಅಕ್ಷರಗಳೂ ಹೋದವು. ಅದು ಯಾವ ಊರಿನದು ಅಂತ ಇವತ್ತಿಗೂ ಗೊತ್ತಿಲ್ಲ.

ಎರಡನೆಯದನ್ನು ಕೊಳ್ಳುವ ಹೊತ್ತಿಗೆ ಬುದ್ಧಿ ಬಂದಿತ್ತು. 24 ಮಿ.ಮೀ. ಅಗಲ, 11 ಗ್ರಾಂ ತೂಕ. ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ವಾರ ನೆನೆಹಾಕಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಹಲ್ಲುಕಡ್ಡಿಯಲ್ಲಿ ಒಂದೊಂದೇ ಚೂರು ತೆಗೆದೆ. ಒಂದು ಕಡೆ ಗಂಡಸಿನ ತಲೆ, ಮುಖದ ಮುಂದೆ ಡಾಲ್ಫಿನ್, ತಲೆಯ ಹಿಂದೆ ಒಂಟಿ ಗುರುತು. ಇನ್ನೊಂದು ಕಡೆ ಭರ್ಜಿ ಹಿಡಿದ ಕುದುರೆ ಸವಾರ. ಆದರೆ ಸವಾರ ಆ ಸೀಮೆಯ ಎಷ್ಟೋ ಊರುಗಳ ನಾಣ್ಯದಲ್ಲಿ ಇರ್ತಾನೆ. ಊರು ಯಾವುದು ಅಂತ ತಿಳಿಯಬೇಕಾದರೆ ಕುದುರೆಯ ಕಾಲ ಕೆಳಗಿನ ಸಾಲನ್ನೇ ಓದಬೇಕು.

ಮೇಲಿಂದ ಲೈಟ್ ಬಿಟ್ಟರೆ ಏನೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಮೇಜಿಗೆ ತಾಗಿಸಿ ಅಡ್ಡಡ್ಡ ಹಿಡಿದು, ನಾಣ್ಯವನ್ನು ನಿಧಾನಕ್ಕೆ ತಿರುಗಿಸಿದೆ. ಆರು ಗುರುತು ಎದ್ದು ಕಂಡವು. 1 ಮತ್ತು 3 ಒಂದೇ ಥರ, 2 ಮತ್ತು 4 ಒಂದೇ ಥರ. ಕೊನೆಯದು ಇಂಗ್ಲಿಷ್ ಎಂ ಇದ್ದ ಹಾಗೆ, ಆದರೆ ಅದರ ಉಚ್ಚಾರ 'ಸ್'. ಒಂದು ಗುರುತಿಗೆ ಒಂದೇ ಧ್ವನಿ ಅಂದುಕೊಂಡು ಎರಡು ಸಂಜೆ ಸುಮ್ನೆ ಹಾಳು ಮಾಡಿದೆ. ಈ ಲಿಪಿ ಅರ್ಧ ನಮ್ಮ ದಾರಿಯದು: ಲ್, ಸ್, ಇ ಬಿಡಿಬಿಡಿ, ಆದರೆ ಬ, ತ, ಕ ಬಂದರೆ ಸ್ವರ ಸೇರಿಯೇ ಒಂದು ಗುರುತು. ನಮ್ಮ ಬ, ಬಿ, ಬೆ ಒಂದೇ ಮನೆಯವು ಅಂತ ನೋಡಿದರೇ ಗೊತ್ತಾಗುತ್ತದೆ ಅಲ್ವಾ, ಅಲ್ಲಿ ಹಾಗಿಲ್ಲ, ಮೂರಕ್ಕೂ ಮೂರು ರೂಪ. ಹಾಗೆ ಜೋಡಿಸಿದೆ: ಬಿ-ಲ್-ಬಿ-ಲ್-ಇ-ಸ್. ಬಿಲ್ಬಿಲಿಸ್! ತಲೆಯ ಹಿಂದಿನ ಒಂಟಿ ಗುರುತೂ ಅದೇ 'ಬಿ'. ಸ್ಪೇನ್‌ನ ಇವತ್ತಿನ ಕಲತಾಯೂದ್ ಪಕ್ಕದ ಊರು ಅದು, ಲ್ಯಾಟಿನ್ ಕವಿ ಮಾರ್ಷಿಯಲ್ ಹುಟ್ಟಿದ ಜಾಗ.

ಕ್ರಿ.ಪೂ. 133ರಲ್ಲಿ ರೋಮನ್ನರು ಕೆಲ್ಟಿಬೇರಿಯನ್ನರ ಊರಾದ ನುಮಾಂಟಿಯಾವನ್ನು ಗೆದ್ದರು. ಆಮೇಲೂ ಈ ಊರುಗಳು ತಮ್ಮ ಲಿಪಿಯಲ್ಲೇ ಕಂಚಿನ ನಾಣ್ಯ ಹೊಡೆಯುತ್ತಿದ್ದವು. ಲಿಪಿ ಬಿದ್ದುಹೋದದ್ದು ಮುಂದಿನ ಶತಮಾನದಲ್ಲಿ. ಮೊನ್ನೆ ಅಗಸ್ಟಸ್ ಕಾಲದ ಬಿಲ್ಬಿಲಿಸ್ ನಾಣ್ಯವೂ ಸಿಕ್ಕಿತು. ಸವಾರ ಅವನೇ, ಭರ್ಜಿಯೂ ಇದೆ, ತಲೆ ಮಾತ್ರ ಚಕ್ರವರ್ತಿಯದು. ಊರ ಹೆಸರು ಲ್ಯಾಟಿನ್‌ನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿದೆ: ಆರು ಗುರುತಿನಲ್ಲಿ ಮುಗಿಯುತ್ತಿದ್ದ ಹೆಸರಿಗೆ ರೋಮನ್ ಲಿಪಿಯಲ್ಲಿ ಎಂಟು ಅಕ್ಷರ.